ಕಿವಿ ಕೆಳಗಿನ ಗಡ್ಡೆ: ರಕ್ತ ಹೇಳುವ ಅರ್ಧ ಮಾತು

ಕುರಿ ಸಂತೆಯಲ್ಲಿ ವ್ಯಾಪಾರಿಯ ಕೈ ಎಲ್ಲೆಲ್ಲಿ ಓಡಾಡುತ್ತದೆ ಅನ್ನೋದು ನೋಡಿದವರಿಗೆ ಗೊತ್ತು. ಮೊದಲು ಬೆನ್ನು ಒತ್ತಿ ನೋಡ್ತಾರೆ, ಮಾಂಸ ಎಷ್ಟಿದೆ ಅಂತ. ಆಮೇಲೆ ಬಾಯಿ ಬಿಡಿಸಿ ಹಲ್ಲು ಎಣಿಸ್ತಾರೆ, ಎರಡಲ್ಲೋ ನಾಲ್ಕಲ್ಲೋ ಅಂತ. ನೆಲದಿಂದ ಗೇಣುದ್ದ ಎತ್ತಿ ತೂಕ ಅಂದಾಜು ಮಾಡ್ತಾರೆ. ಕೊನೆಗೆ ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಕುದುರಿಸ್ತಾರೆ. ಇಷ್ಟೆಲ್ಲಾ ಮಾಡುವ ಕೈ ಕಿವಿಯ ಬುಡಕ್ಕೆ, ದವಡೆಯ ಕೆಳಕ್ಕೆ, ಭುಜದ ಮುಂದಕ್ಕೆ ಹೋಗುವುದು ಅಪರೂಪ. ಹೋಗಿ ಅಲ್ಲೊಂದು ನಿಂಬೆಹಣ್ಣಿನ ಗಾತ್ರದ ಗಡ್ಡೆ ಸಿಕ್ಕಿದರೂ ಮಾರುವವನ ಉತ್ತರ ಸಿದ್ಧವಾಗಿರುತ್ತದೆ: "ಏನಿಲ್ಲ ಬಿಡಣ್ಣ, ಜಾಲಿ ಮುಳ್ಳು ಚುಚ್ಚಿ ಊದ್ಕಂಡೈತೆ."

ಈ ಮಾತು ಪೂರ್ತಿ ಸುಳ್ಳು ಅಂತ ಹೇಳಲಿಕ್ಕೂ ಬರುವುದಿಲ್ಲ. ಮುಳ್ಳು ಚುಚ್ಚಿದ್ದು ನಿಜವೇ ಇರಬಹುದು. ಆ ತೂತಿನಿಂದ ಒಳಗೆ ನುಗ್ಗಿದ್ದು ಯಾವುದು ಅನ್ನೋದನ್ನ ಮಾತ್ರ ಮಾರುವವನೂ ಹೇಳುವುದಿಲ್ಲ, ಕೊಳ್ಳುವವನೂ ಕೇಳುವುದಿಲ್ಲ. ಗಡ್ಡೆ ಇರುವ ಕುರಿ ಸೀದಾ ಮಾಂಸದಂಗಡಿಗೆ ಹೋದರೆ ನಷ್ಟ ಅಲ್ಲಿಗೆ ಮುಗಿಯಿತು. ಸಾಕಲಿಕ್ಕೆಂದು ಇನ್ನೊಂದು ಮಂದೆಗೆ ಹೋದರೆ, ಒಂದೆರಡು ವರ್ಷದಲ್ಲಿ ಆ ಮಂದೆಯಲ್ಲೂ ಅಲ್ಲೊಂದು ಇಲ್ಲೊಂದು ಕುರಿಗೆ ಗಡ್ಡೆ ಏಳಲಿಕ್ಕೆ ಶುರುವಾಗುತ್ತದೆ.

2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1 ಕೋಟಿ 10 ಲಕ್ಷ ಕುರಿಗಳಿದ್ದವು. ಮೇಕೆಗಳು ಸುಮಾರು 61 ಲಕ್ಷ. ಕುರಿ ಸಂಖ್ಯೆಯಲ್ಲಿ ತೆಲಂಗಾಣ, ಆಂಧ್ರ ಬಿಟ್ಟರೆ ದೇಶದಲ್ಲಿ ನಮ್ಮದೇ ಮೂರನೇ ಸ್ಥಾನ. ಶಿರಾ, ಪಾವಗಡ, ಹಿರಿಯೂರು, ಚಳ್ಳಕೆರೆ ಕಡೆಯ ಬಯಲಿನಲ್ಲಿ ಮಳೆ ಕೈಕೊಟ್ಟ ವರ್ಷ ಮನೆ ನಡೆಸೋದು ಕುರಿಯೇ. ಮಗಳ ಮದುವೆಗೂ ಅದೇ, ಕಾಲೇಜು ಫೀಜಿಗೂ ಅದೇ. ಹಾಗಾಗಿ ಈ ಗಡ್ಡೆ ಬರೀ ಪಶು ಡಾಕ್ಟರ ತಲೆನೋವಲ್ಲ.

ಸುಳ್ಳು ಕ್ಷಯ

ಡಾಕ್ಟರುಗಳು ಇದಕ್ಕೆ ಕೇಸಿಯಸ್ ಲಿಂಫ್‌ಅಡಿನೈಟಿಸ್ ಅಂತಾರೆ. ಬಾಯಿ ತುಂಬುವ ಹೆಸರು, ಅರ್ಥ ಮಾತ್ರ ಸರಳ. ದುಗ್ಧಗ್ರಂಥಿಯೊಳಗೆ ಗಿಣ್ಣಿನ ಹಾಗೆ ಗಟ್ಟಿ ಕೀವು ಕಟ್ಟುವ ಕಾಯಿಲೆ. ಮನುಷ್ಯರಿಗೆ ಕಾಲಿಗೆ ಗಾಯವಾಗಿ ಕೀವು ತುಂಬಿದಾಗ ತೊಡೆ ಸಂದಿಯಲ್ಲಿ ಗಡ್ಡೆ ಕಟ್ಟುತ್ತದಲ್ಲ, ಅದೇ ಈ ಗ್ರಂಥಿ. ಮೈಯ ಅಲ್ಲಲ್ಲಿ ಕೂತಿರುವ ಚೆಕ್‌ಪೋಸ್ಟ್ ಅಂದುಕೊಳ್ಳಿ. ಹೊರಗಿನಿಂದ ಬಂದ ರೋಗಾಣುವನ್ನು ಹಿಡಿದು ಮುಗಿಸೋದು ಅದರ ಕೆಲಸ. ಈ ಕಾಯಿಲೆಯಲ್ಲಿ ಹಿಡಿಯೋದೇನೋ ಹಿಡಿಯುತ್ತದೆ, ಮುಗಿಸಲಿಕ್ಕೆ ಆಗುವುದಿಲ್ಲ.

ರೋಗಾಣುವಿನ ಹೆಸರು ಕೊರಿನಿಬ್ಯಾಕ್ಟೀರಿಯಂ ಸ್ಯೂಡೋಟ್ಯೂಬರ್‌ಕ್ಯುಲೋಸಿಸ್. 1888ರಲ್ಲಿ ಫ್ರಾನ್ಸಿನ ನೊಕಾರ್ ಇದನ್ನು ಹಸುವೊಂದರಲ್ಲಿ ಕಂಡ. 1891ರಲ್ಲಿ ಹಂಗೇರಿಯ ಪ್ರೈಸ್ ಅದನ್ನೇ ಕುರಿಯಲ್ಲಿ ಕಂಡ. ಗಂಟು ನೋಡಲಿಕ್ಕೆ ಕ್ಷಯದ ಗಂಟಿನ ಥರವೇ ಇದ್ದು, ಕ್ಷಯ ಅಲ್ಲವಾದ್ದರಿಂದ "ಸುಳ್ಳು ಕ್ಷಯ" ಅನ್ನುವ ಅರ್ಥದ ಹೆಸರು ಅಂಟಿಕೊಂಡಿತು.

ಇದಕ್ಕೆ ಎರಡು ಆಯುಧ. ಒಂದು ಮೈಮೇಲಿನ ಮೇಣದಂಥ ಕೊಬ್ಬಿನ ಹೊದಿಕೆ. ರಕ್ತದ ಬಿಳಿ ಕಣ ಇದನ್ನು ನುಂಗುತ್ತದೆ, ಅರಗಿಸಿಕೊಳ್ಳಲಿಕ್ಕೆ ಆಗುವುದಿಲ್ಲ. ನುಂಗಿದವನ ಹೊಟ್ಟೆಯಲ್ಲೇ ಕೂತು ಸಂಸಾರ ಬೆಳೆಸಿ, ಕೊನೆಗೆ ಆ ಕಣವನ್ನೇ ಸಾಯಿಸಿ ಹೊರಬರುತ್ತದೆ. ಎರಡನೆಯದು ಒಂದು ವಿಷ, ಫಾಸ್ಫೋಲೈಪೇಸ್ ಡಿ ಅಂತ. ಸಣ್ಣ ರಕ್ತನಾಳಗಳ ಗೋಡೆಯನ್ನು ಅದು ಹಾಳು ಮಾಡುತ್ತದೆ. ಗೋಡೆ ಸೋರಿದರೆ ರೋಗಾಣುವಿಗೆ ದಾರಿ ಸಿಕ್ಕ ಹಾಗೆ. ಗಾಯವಾದ ಜಾಗದಿಂದ ಗ್ರಂಥಿಗೆ, ಅಲ್ಲಿಂದ ಕೆಲವು ಸಲ ಶ್ವಾಸಕೋಶ, ಈಲಿ, ಮೂತ್ರಪಿಂಡದವರೆಗೂ ಸವಾರಿ. ಮುಂದೆ ಬರುವ ರಕ್ತಪರೀಕ್ಷೆಯ ಕಥೆಯೆಲ್ಲ ಈ ವಿಷದ ಸುತ್ತಲೇ ಇರುವುದರಿಂದ ಇದೊಂದನ್ನು ನೆನಪಿನಲ್ಲಿಡಬೇಕು.

ದೇಹ ಸುಮ್ಮನಿರುವುದಿಲ್ಲ. ಕೊಲ್ಲಲಾಗದ್ದನ್ನು ಬಂಧಿಸುತ್ತದೆ. ಕೀವಿನ ಸುತ್ತ ದಪ್ಪ ಚೀಲ ಕಟ್ಟುತ್ತದೆ. ಅದರಾಚೆ ಮತ್ತೆ ಕೀವು, ಮತ್ತೆ ಚೀಲ. ಕುರಿಯ ಹಳೇ ಗಡ್ಡೆ ಕೊಯ್ದರೆ ಈರುಳ್ಳಿ ಹೆಚ್ಚಿದ ಹಾಗೆ ಪದರ ಪದರವಾಗಿ ಕಾಣುವುದು ಇದಕ್ಕೇ. ಮೇಕೆಯಲ್ಲಿ ಪದರ ಕಮ್ಮಿ, ಕೀವು ಮೆತ್ತಗೆ. ಗಡ್ಡೆಯೂ ಹೆಚ್ಚಾಗಿ ತಲೆ, ಕುತ್ತಿಗೆಯಲ್ಲೇ. ಸೋಂಕು ತಗುಲಿ ಗಡ್ಡೆ ಕಣ್ಣಿಗೆ ಬೀಳಲಿಕ್ಕೆ 2ರಿಂದ 6 ತಿಂಗಳು ಬೇಕು. ಅಷ್ಟರಲ್ಲಿ ಆ ಕುರಿ ಎರಡು ಕೈ ಬದಲಾಯಿಸಿ ಮೂರನೇ ಊರಲ್ಲಿ ಮೇಯುತ್ತಿದ್ದರೂ ಆಶ್ಚರ್ಯವಿಲ್ಲ.

ಚಾಕು, ಅರಿಶಿನ, ರೊಪ್ಪದ ನೆಲ

ಗಡ್ಡೆ ಹಣ್ಣಾದಾಗ ಹಟ್ಟಿಯಲ್ಲಿ ಸಾಮಾನ್ಯವಾಗಿ ನಡೆಯೋದು ಏನು? ಹಿರಿಯರೊಬ್ಬರು ಚಾಕು ತಂದು ಕೊಯ್ದು, ಹಿಂಡಿ, ಅರಿಶಿನವೋ ಬೇವಿನೆಣ್ಣೆಯೋ ಮೆತ್ತುತ್ತಾರೆ. ಗಾಯ ಮಾಯುತ್ತದೆ, ಕುರಿ ಮೇಯುತ್ತದೆ, ಎಲ್ಲರಿಗೂ ಸಮಾಧಾನ. ಹಿಂಡಿದ ಕೀವು ಎಲ್ಲಿ ಹೋಯಿತು ಅಂತ ಯಾರೂ ಕೇಳುವುದಿಲ್ಲ. ಅದು ರೊಪ್ಪದ ನೆಲದಲ್ಲೇ, ಹಿಕ್ಕೆಯ ಜತೆ ಬೆರೆತು ಬಿದ್ದಿರುತ್ತದೆ. ಒಂದು ಗಡ್ಡೆಯ ಕೀವಿನಲ್ಲಿ ರೋಗಾಣುಗಳು ಕೋಟಿಗಟ್ಟಲೆ. ಮಣ್ಣು, ಹುಲ್ಲು, ಮರದ ಗೂಟದ ಮೇಲೆ ಅವು ತಿಂಗಳುಗಟ್ಟಲೆ ಬದುಕಬಲ್ಲವು. ಪಕ್ಕದಲ್ಲಿ ಮಲಗುವ ಕುರಿಗೆ ಮುಳ್ಳು ಗೀರಿದ ಗಾಯವೋ, ಕತ್ತರಿ ತಾಗಿದ ಗಾಯವೋ, ಕಿವಿಗೆ ಓಲೆ ಹಾಕಿದ ತೂತೋ ಇದ್ದರೆ ಸಾಕು.

ಇಂಜೆಕ್ಷನ್ ಕೊಡಿಸಿದರೆ? ಪ್ರಯೋಗಾಲಯದ ತಟ್ಟೆಯಲ್ಲಿ ಪೆನಿಸಿಲಿನ್ ಈ ರೋಗಾಣುವನ್ನು ಕೊಲ್ಲುತ್ತದೆ. ಕುರಿಯ ಮೈಯಲ್ಲಿ ಆ ದಪ್ಪ ಚೀಲ ದಾಟಿ ಕೀವಿನ ನಡುವಿಗೆ ಔಷಧಿ ತಲುಪುವುದೇ ಕಷ್ಟ. ಎಷ್ಟೋ ಸಲ ದುಡ್ಡು ಹೋಗುತ್ತದೆ, ಗಡ್ಡೆ ಉಳಿಯುತ್ತದೆ.

ಈ ಕಾಯಿಲೆಗೆ ಕುರಿ ದಿಢೀರನೆ ಸಾಯುವುದೂ ಕಮ್ಮಿ. ಕರುಳುಬೇನೆ ಬಂದರೆ, ಪಿಪಿಆರ್ ಬಂದರೆ ಒಂದು ವಾರದಲ್ಲಿ ರೊಪ್ಪ ಖಾಲಿಯಾಗಿ ಊರೆಲ್ಲ ಗೋಳು ಎದ್ದೇಳುತ್ತದೆ, ಪತ್ರಿಕೆಗೂ ಸುದ್ದಿ. ಗಡ್ಡೆ ರೋಗಕ್ಕೆ ಆ ಭಾಗ್ಯವಿಲ್ಲ. ಗಡ್ಡೆ ಒಳಗೆ, ಶ್ವಾಸಕೋಶದಲ್ಲಿ ಬೆಳೆದರೆ ಹೊರಗೆ ಏನೂ ಕಾಣುವುದಿಲ್ಲ. ಕುರಿ ತಿನ್ನುತ್ತದೆ, ಸೊರಗುತ್ತದೆ. "ದೃಷ್ಟಿ ಆಗೈತೆ" ಅಂತ ಒಬ್ಬರು, "ಹೊಟ್ಟೆ ಹುಳ" ಅಂತ ಇನ್ನೊಬ್ಬರು. ಹುಳದ ಔಷಧಿ ಮೂರು ಸಲ ಕುಡಿಸಿದರೂ ಬೆನ್ನ ಮೂಳೆ ಎದ್ದೇ ಇರುತ್ತದೆ.

ರಕ್ತ ಏನು ಹೇಳುತ್ತದೆ

ಇಲ್ಲಿ ರಕ್ತಪರೀಕ್ಷೆ ಕೆಲಸಕ್ಕೆ ಬರುತ್ತದೆ. ರೋಗಾಣು ಒಳಹೊಕ್ಕು ವಿಷ ಕಕ್ಕಿದ ಕೂಡಲೇ ದೇಹ ಆ ವಿಷಕ್ಕೆ ಸರಿಹೊಂದುವ ಪ್ರತಿಕಾಯ ತಯಾರಿಸುತ್ತದೆ. ಬೀಗಕ್ಕೆ ಅಳತೆ ತೆಗೆದು ಕೀಲಿ ಮಾಡಿದ ಹಾಗೆ. ಸೋಂಕು ತಗುಲಿ ಎರಡು ಮೂರು ವಾರದಲ್ಲಿ ಈ ಪ್ರತಿಕಾಯ ರಕ್ತದಲ್ಲಿ ಕಾಣಿಸಿಕೊಳ್ಳುತ್ತದೆ. ಗಡ್ಡೆಗೆ ತಿಂಗಳುಗಳು ಬೇಕು, ರಕ್ತಕ್ಕೆ ವಾರಗಳು ಸಾಕು.

ಪರೀಕ್ಷೆಗೆ ಎಲಿಸಾ ಅಂತಾರೆ. ಸಣ್ಣ ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆ, ಪಡ್ಡಿನ ಕಾವಲಿಯ ಮರಿ ಅನ್ನಬಹುದು. ಗುಳಿಯ ತಳದಲ್ಲಿ ಮೊದಲೇ ವಿಷವನ್ನು ಅಂಟಿಸಿರುತ್ತಾರೆ. ಕುರಿಯ ಕುತ್ತಿಗೆಯ ನಾಳದಿಂದ ತೆಗೆದ ರಕ್ತದ ತಿಳಿಯನ್ನು ಅದಕ್ಕೆ ಹಾಕುತ್ತಾರೆ. ಪ್ರತಿಕಾಯ ಇದ್ದರೆ ಹೋಗಿ ಅಂಟಿಕೊಳ್ಳುತ್ತದೆ, ಇಲ್ಲದಿದ್ದರೆ ತೊಳೆದಾಗ ಹರಿದುಹೋಗುತ್ತದೆ. ಅಂಟಿದ್ದನ್ನು ಬಣ್ಣ ಬರುವ ದ್ರಾವಣದಿಂದ ಪತ್ತೆ ಮಾಡುತ್ತಾರೆ. ಬಣ್ಣ ಗಾಢವಾದಷ್ಟೂ ಪ್ರತಿಕಾಯ ಜಾಸ್ತಿ. ಅಮೆರಿಕದಲ್ಲಿ ಇನ್ನೊಂದು ವಿಧಾನವೂ ಬಳಕೆಗೆ ಬಂತು. ಈ ವಿಷವನ್ನು ಇನ್ನೊಂದು ಬ್ಯಾಕ್ಟೀರಿಯಾದ ವಿಷದ ಜತೆ ಸೇರಿಸಿದರೆ ಕೆಂಪು ರಕ್ತಕಣ ಒಡೆಯುತ್ತವೆ. ಕುರಿಯ ರಕ್ತದ ತಿಳಿ ಹಾಕಿದ ಮೇಲೆ ಒಡೆಯದೆ ಉಳಿದವು ಅಂದರೆ, ಅದರಲ್ಲಿ ಪ್ರತಿಕಾಯ ಇದೆ ಅಂತ ಅರ್ಥ.

ಇಷ್ಟು ಕೇಳಿದವರು ಸಹಜವಾಗಿಯೇ ಅನ್ನುತ್ತಾರೆ: ಹಾಗಾದ್ರೆ ಎಲ್ಲಾ ಕುರಿಗೂ ರಕ್ತ ಪರೀಕ್ಷೆ ಮಾಡಿ, ರೋಗ ಇರೋದನ್ನ ತೆಗೆದುಬಿಟ್ಟರೆ ಆಯ್ತಲ್ಲ ಸ್ವಾಮಿ?

ತೊಡಕು ಇರುವುದೇ ಇಲ್ಲಿ. ರಕ್ತದಲ್ಲಿ ಪ್ರತಿಕಾಯ ಇದೆ ಅಂದರೆ ಆ ಕುರಿಗೆ ಈ ರೋಗಾಣುವಿನ ಪರಿಚಯ ಆಗಿದೆ ಅಂತ ಮಾತ್ರ ಅರ್ಥ. ಒಳಗೆ ಗಡ್ಡೆ ಇದೆಯೋ ಇಲ್ಲವೋ, ಸೋಂಕು ಬಂದು ಅಲ್ಲೇ ತಡೆದು ನಿಂತಿತೋ, ಅದನ್ನು ರಕ್ತ ಹೇಳುವುದಿಲ್ಲ. ಎಳೆ ಮರಿಯ ರಕ್ತದಲ್ಲೂ ಪ್ರತಿಕಾಯ ಸಿಗಬಹುದು. ಅದು ಮರಿಯದ್ದಲ್ಲ, ತಾಯಿಯ ಗಿಣ್ಣುಹಾಲಿನ ಜತೆ ಬಂದದ್ದು, ಕೆಲವು ತಿಂಗಳಲ್ಲಿ ಇಳಿದುಹೋಗುತ್ತದೆ. ಅದಕ್ಕೇ ತೀರ ಎಳೆಯ ಮರಿಯ ಪರೀಕ್ಷೆಯನ್ನು ನಂಬುವ ಹಾಗಿಲ್ಲ. ನಿನ್ನೆ ಮೊನ್ನೆ ಸೋಂಕು ತಗುಲಿದ ಕುರಿಯಲ್ಲಿ ಪ್ರತಿಕಾಯ ಇನ್ನೂ ಹುಟ್ಟಿರುವುದಿಲ್ಲ. ತಮಾಷೆ ಅಂದರೆ, ವರ್ಷಗಟ್ಟಲೆ ಹಳೆಯ ಗಡ್ಡೆ ದಪ್ಪ ಚೀಲದೊಳಗೆ ಸೀಲಾಗಿ ಕೂತಿದ್ದರೆ ವಿಷ ಹೊರಗೆ ಬರುವುದೇ ಕಮ್ಮಿಯಾಗಿ, ಪ್ರತಿಕಾಯವೂ ತಗ್ಗಿ, ಗಡ್ಡೆ ಹೊತ್ತ ಕುರಿಯೇ ಪರೀಕ್ಷೆಯಲ್ಲಿ "ಆರೋಗ್ಯವಂತ" ಅನ್ನಿಸಿಕೊಳ್ಳಬಹುದು.

ನೆದರ್‌ಲೆಂಡ್ಸ್‌ನ ಸಂಶೋಧಕರು ಈ ಎಲಿಸಾವನ್ನು ಸುಧಾರಿಸಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಸೋಂಕಿರುವ 100 ಮೇಕೆಗಳಲ್ಲಿ ಸುಮಾರು 94ನ್ನು ಅದು ಹಿಡಿಯಿತು. ಕುರಿಯಲ್ಲಿ ಮಾತ್ರ 100ಕ್ಕೆ ಸುಮಾರು 79. ಸೋಂಕಿಲ್ಲದ ಕುರಿಯನ್ನು ತಪ್ಪಾಗಿ ದೂರಿದ್ದು ನೂರಕ್ಕೆ ಒಂದರಷ್ಟೇ. ಒಳ್ಳೆಯ ಪರೀಕ್ಷೆ, ಅನುಮಾನವಿಲ್ಲ. ಆದರೂ ಲೆಕ್ಕ ಹಾಕಿ ನೋಡಿ. 100 ಕುರಿಯ ಮಂದೆಯಲ್ಲಿ 20ಕ್ಕೆ ಸೋಂಕಿದೆ ಅನ್ನೋಣ. ಪರೀಕ್ಷೆ ಹದಿನಾರನ್ನು ಹಿಡಿಯುತ್ತದೆ, ನಾಲ್ಕು ಪಾರಾಗುತ್ತವೆ. ಏನೂ ತಪ್ಪು ಮಾಡದ ಒಂದು ಕುರಿಯ ಮೇಲೂ ಆಪಾದನೆ ಬರುತ್ತದೆ. ಪಾರಾದ ನಾಲ್ಕು ಸಾಕು, ಕಥೆ ಮತ್ತೆ ಮೊದಲಿಂದ ಶುರುವಾಗಲಿಕ್ಕೆ. ಅದಕ್ಕೇ ಒಂದೇ ಸಲ ರಕ್ತ ನೋಡಿ ಕೈತೊಳೆದುಕೊಳ್ಳುವುದಲ್ಲ, ಕೆಲವು ತಿಂಗಳಿಗೊಮ್ಮೆ ಮತ್ತೆ ಮತ್ತೆ ನೋಡಬೇಕಾಗುತ್ತದೆ.

ಪ್ರತಿಕಾಯ ಇದ್ದ ಮೇಲೆ ಕುರಿ ವಾಸಿಯಾಗಬೇಕಲ್ಲ ಅನ್ನುವ ಪ್ರಶ್ನೆಯೂ ಇದೆ. ಪ್ರತಿಕಾಯ ವಿಷವನ್ನು ಕಟ್ಟಿಹಾಕುತ್ತದೆ, ಆದ್ದರಿಂದ ರೋಗಾಣು ಹೊಸ ಜಾಗಕ್ಕೆ ಹಬ್ಬುವುದು ಕಮ್ಮಿಯಾಗುತ್ತದೆ. ಬಿಳಿ ಕಣದೊಳಗೆ ಅಡಗಿ ಕೂತ, ಚೀಲದೊಳಗೆ ಮಲಗಿದ ರೋಗಾಣುವಿನ ಹತ್ತಿರ ಮಾತ್ರ ಅದು ಸುಳಿಯಲಾರದು.

ಲಸಿಕೆಯ ಮಾತು

ಈ ತಿಳಿವಳಿಕೆಯಿಂದಲೇ ಲಸಿಕೆ ಹುಟ್ಟಿತು. ಉಣ್ಣೆಯ ದೇಶ ಆಸ್ಟ್ರೇಲಿಯಾದಲ್ಲಿ ಈ ಗಡ್ಡೆ ದೊಡ್ಡ ಪೀಡೆಯಾಗಿತ್ತು. ಅದೇ ವಿಷವನ್ನು ಫಾರ್ಮಲಿನ್ ಹಾಕಿ ನಿರ್ವಿಷ ಮಾಡಿ ತಯಾರಿಸಿದ ಲಸಿಕೆ ಅಲ್ಲಿ 1983ರಲ್ಲಿ ಮಾರುಕಟ್ಟೆಗೆ ಬಂತು. ಮೊದಲು ಎರಡು ಡೋಸು, ಆಮೇಲೆ ವರ್ಷಕ್ಕೊಂದು. ಹೊಸ ಗಡ್ಡೆಗಳು ಕಡಿಮೆಯಾಗುತ್ತವೆ, ಈಗಾಗಲೇ ಇರುವ ಗಡ್ಡೆ ಕರಗುವುದಿಲ್ಲ. ಲಸಿಕೆ ಹಾಕಿದ ಕುರಿಯ ರಕ್ತದಲ್ಲೂ ಅದೇ ವಿಷಕ್ಕೆ ಪ್ರತಿಕಾಯ ಬರುವುದರಿಂದ, ಆಮೇಲೆ ಈ ಪರೀಕ್ಷೆ ಮಾಡಿದರೆ ಸೋಂಕು ಯಾವುದು, ಲಸಿಕೆ ಯಾವುದು ಗೊತ್ತಾಗುವುದಿಲ್ಲ. ಲಸಿಕೆ ಬೇಕೋ ಪರೀಕ್ಷೆ ಮಾಡಿ ಆರಿಸಿ ತೆಗೆಯುವುದು ಬೇಕೋ, ಮಂದೆಯ ಯಜಮಾನ ಮೊದಲೇ ತೀರ್ಮಾನಿಸಬೇಕು. ನಮ್ಮ ಕುರಿಗಾಹಿಗಳಿಗೆ ಪರಿಚಯವಿರುವ ಕರುಳುಬೇನೆ, ಪಿಪಿಆರ್, ಸಿಡುಬಿನ ಲಸಿಕೆಗಳಿಂದ ಈ ಗಡ್ಡೆ ನಿಲ್ಲುವುದಿಲ್ಲ ಅನ್ನೋದನ್ನೂ ಹೇಳಿಬಿಡಬೇಕು. "ಎಲ್ಲಾ ಇಂಜೆಕ್ಷನ್ ಹಾಕ್ಸಿದೀನಿ" ಅನ್ನುವ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು.

ನಾರ್ವೆ ದೇಶದವರು ಇನ್ನೊಂದು ದಾರಿ ಹಿಡಿದರು. 2001ರಲ್ಲಿ ಶುರುವಾದ "ಆರೋಗ್ಯವಂತ ಮೇಕೆ" ಯೋಜನೆಯಲ್ಲಿ ಮೇಕೆ ಈಯುವಾಗಲೇ ಕಾದು ನಿಂತು, ತಾಯಿ ನೆಕ್ಕುವುದಕ್ಕೂ ಬಿಡದೆ ಮರಿಯನ್ನು ಎತ್ತಿಕೊಂಡು ಬೇರೆ ಜಾಗದಲ್ಲಿ ಹಸುವಿನ ಗಿಣ್ಣುಹಾಲು ಕುಡಿಸಿ ಸಾಕಿದರು. ಹಳೇ ಹಿಂಡನ್ನು ತೆಗೆದು, ಕೊಟ್ಟಿಗೆ ತೊಳೆದು, ಹೊಸ ಹಿಂಡು ಕಟ್ಟಿದರು. ಈ ಗಡ್ಡೆಯ ಜತೆ ಇನ್ನೆರಡು ಕಾಯಿಲೆಯನ್ನೂ ಹೊರಹಾಕುವುದು ಅವರ ಗುರಿ. ಕೇಳಲಿಕ್ಕೆ ಚೆನ್ನಾಗಿದೆ. ಹೊಲದಿಂದ ಹೊಲಕ್ಕೆ ಮಂದೆ ನಿಲ್ಲಿಸುತ್ತಾ, ಹಗ್ಗದ ಬಲೆ ಕಟ್ಟಿದ ಬೇಲಿಯೊಳಗೆ ರಾತ್ರಿ ಕಳೆಯುವ ನಮ್ಮ ಕುರಿಗಾಹಿ, ನಡುರಾತ್ರಿ ಬಯಲಲ್ಲಿ ಈದ ಮರಿಯನ್ನು ಎತ್ತಿಕೊಂಡು ಯಾವ ಮನೆಗೆ ಓಡಬೇಕು? ಪರೀಕ್ಷೆಯಲ್ಲಿ ಸಿಕ್ಕ ಹದಿನೇಳು ಕುರಿಯನ್ನು ಒಂದೇ ದಿನ ಕಟುಕರಿಗೆ ಕೊಟ್ಟರೆ ಬರೋ ರೇಟಿನಲ್ಲಿ ಹದಿನೇಳು ಹೊಸ ಕುರಿ ಕೊಳ್ಳಲಾದೀತೆ? ಇಡೀ ಮಂದೆಯ ರಕ್ತಪರೀಕ್ಷೆ ನಮ್ಮ ಅಲೆಮಾರಿ ಕುರಿಗಾಹಿಗೆ ಹೊಂದುವ ಮಾತಲ್ಲ. ಅದು ಕಾಗದದ ಮೇಲೆ ಉಳಿಯುವ ಸಲಹೆ.

ಶೆಡ್ಡಿನವರು ಕೇಳಬೇಕಾದ ಕಥೆ

ಪರೀಕ್ಷೆಯ ಬೆಲೆ ಇರುವುದು ಇನ್ನೊಂದು ಕಡೆ. ಈಗ ಅಟ್ಟಣಿಗೆ ಶೆಡ್ಡು ಕಟ್ಟಿ, ಬ್ಯಾಂಕ್ ಸಾಲ ತಂದು, ಕಟ್ಟಿಹಾಕಿ ಮೇಯಿಸುವ ಹೊಸ ಸಾಕಾಣಿಕೆದಾರರು ಹೆಚ್ಚುತ್ತಿದ್ದಾರೆ. ಬೋಯರ್ ಹೋತ, ಡಾರ್ಪರ್ ಟಗರು ಅಂತ ದೂರದಿಂದ ದುಬಾರಿ ಬೀಜದ ಪ್ರಾಣಿ ತರುತ್ತಾರೆ. ಇವರು ಬ್ರಿಟನ್ನಿನ ಕಥೆ ಕೇಳಬೇಕು. ಆ ದೇಶದಲ್ಲಿ ಈ ರೋಗ ಇರಲೇ ಇಲ್ಲ. 1987ರಲ್ಲಿ ಜರ್ಮನಿಯಿಂದ ಬೋಯರ್ ಮೇಕೆಗಳನ್ನು ತರಿಸಿಕೊಂಡರು. 1990ರಲ್ಲಿ ಮೊದಲ ಸಲ ಅಲ್ಲಿನ ಮೇಕೆಗಳಲ್ಲಿ ರೋಗ ಪತ್ತೆಯಾಯಿತು, ತನಿಖೆ ಆ ಆಮದಿನ ಕಡೆಗೇ ಬೆರಳು ತೋರಿಸಿತು. ಆಮೇಲೆ ಕುರಿಗಳಿಗೂ ಹಬ್ಬಿತು. ಕಾಗದ ಪತ್ರ ಎಲ್ಲಾ ಸರಿಯಿದ್ದ ದೇಶದಲ್ಲಿ ಹೀಗಾಯಿತು.

ಶೆಡ್ಡಿನಲ್ಲಿ ಪ್ರಾಣಿಗಳು ಮೈಗೆ ಮೈ ತಾಗಿಸಿ ನಿಲ್ಲುತ್ತವೆ, ಒಂದೇ ಗೋದಲಿಯಲ್ಲಿ ತಿನ್ನುತ್ತವೆ. ಅಲ್ಲಿ ಒಂದು ಗಡ್ಡೆ ಒಡೆದರೆ ಬಯಲಿಗಿಂತ ಬೇಗ ಹಬ್ಬುತ್ತದೆ. ಹೊಸ ಹೋತ ಬಂದರೆ ಒಂದೆರಡು ತಿಂಗಳು ಪ್ರತ್ಯೇಕ ಇಟ್ಟು, ಕಿವಿ ಬುಡ, ದವಡೆ, ಭುಜ, ತೊಡೆಯ ಮುಂಭಾಗ, ಕೆಚ್ಚಲಿನ ಮೇಲ್ಭಾಗ ವಾರವಾರ ತಡವಿ ನೋಡಿ, ಬಂದ ದಿನ ಒಮ್ಮೆ, ಹೊರಗೆ ಬಿಡುವ ಮುಂಚೆ ಒಮ್ಮೆ ರಕ್ತ ತೆಗೆಸಿದರೆ ಖರ್ಚು ಆ ಹೋತದ ಬೆಲೆಯ ಮುಂದೆ ಏನೂ ಅಲ್ಲ. ಇಲ್ಲಿ ರಕ್ತದ ಅರ್ಧ ಮಾತಾದರೂ ಸಿಕ್ಕರೆ ಲಾಭವೇ.

ಮಾಂಸದಂಗಡಿಯವರೂ ಗಿರಾಕಿಗಳೂ ಗಾಬರಿ ಬೀಳುವ ಕಾರಣವಿಲ್ಲ. ಗಡ್ಡೆ ಒಡೆಯದ ಹಾಗೆ ಸುತ್ತಲಿನ ಮಾಂಸದ ಸಮೇತ ಕೊಯ್ದು ತೆಗೆಯಬೇಕು. ಗಡ್ಡೆ ಮೈಯೆಲ್ಲಾ ಹರಡಿ ಪ್ರಾಣಿ ಸೊರಗಿದ್ದರೆ ಆ ಮಾಂಸ ಮಾರಬಾರದು. ಚೆನ್ನಾಗಿ ಬೇಯಿಸಿದರೆ ರೋಗಾಣು ಉಳಿಯುವುದಿಲ್ಲ. ಮನುಷ್ಯರಿಗೆ ಇದು ತಗುಲುವುದು ಅಪರೂಪ. ತಗುಲಿದ್ದು ಹೆಚ್ಚಾಗಿ ಉಣ್ಣೆ ಕತ್ತರಿಸುವವರಿಗೆ, ಕಸಾಯಿಖಾನೆಯಲ್ಲಿ ಕೆಲಸ ಮಾಡುವವರಿಗೆ, ಅದೂ ಕೈಯ ಗಾಯದ ಮೂಲಕ. ಅಂಥವರಲ್ಲಿ ಕೆಲವರ ಕಂಕುಳ ಗಡ್ಡೆಯನ್ನು ಆಪರೇಷನ್ ಮಾಡಿಯೇ ತೆಗೆಯಬೇಕಾಯಿತು. ಬೆರಳಿಗೆ ಗಾಯವಿರುವ ದಿನ ಗಡ್ಡೆ ಮುಟ್ಟಬಾರದು. ಕೆಚ್ಚಲಲ್ಲಿ ಗಡ್ಡೆ ಇರುವ ಮೇಕೆಯ ಹಾಲನ್ನು ಹಸಿಯಾಗಿ ಮಕ್ಕಳಿಗೆ ಕೊಡಬಾರದು.

ಕತ್ತರಿಯ ಸರದಿ

ಬಯಲಿನ ಕುರಿಗಾಹಿಯ ಕೈಯಲ್ಲಿ ಏನಿದೆ? ಗಡ್ಡೆ ಹಣ್ಣಾಗುವ ಮುಂಚೆಯೇ ಆ ಕುರಿಯನ್ನು ಬೇರೆ ಮಾಡಬಹುದು. 1962ಕ್ಕೆ ಫೋನ್ ಮಾಡಿದರೆ ಸರಕಾರದ ಪಶು ಸಂಜೀವಿನಿ ಸೇವೆ ಸಿಗುತ್ತದೆ, ಇಲ್ಲವೇ ತಾಲ್ಲೂಕು ಪಶು ಆಸ್ಪತ್ರೆಗೆ ಒಯ್ಯಬಹುದು. ಕೊಯ್ಯಲೇಬೇಕಾಗಿ ಬಂದರೆ ರೊಪ್ಪದಿಂದ ದೂರ, ಕೈಗೆ ಗ್ಲೌಸೋ ಪ್ಲಾಸ್ಟಿಕ್ ಚೀಲವೋ ಕಟ್ಟಿಕೊಂಡು, ಕೀವನ್ನು ಹಳೇ ಬಟ್ಟೆಗೆ ಹಿಡಿದು ಸುಡಬೇಕು. ಗಾಯವನ್ನು ಅಯೋಡಿನ್‌ನಿಂದ ತೊಳೆದು, ಪೂರ್ತಿ ಮಾಯುವ ತನಕ ಆ ಕುರಿಯನ್ನು ಮಂದೆಗೆ ಸೇರಿಸಬಾರದು. ಅರಿಶಿನ ಹಚ್ಚುವವರು ಹಚ್ಚಲಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಇನ್ನು ತುಪ್ಪಟ ಕತ್ತರಿಸುವ ಕಾಲ. ಉಣ್ಣೆಗೆ ಈಗ ಬೆಲೆ ಬಿದ್ದುಹೋಗಿ, ಎಷ್ಟೋ ಕಡೆ ಕತ್ತರಿಸುವ ಕೂಲಿಯೇ ಮೈಮೇಲೆ ಬರುತ್ತಿದೆ, ಆದರೂ ಕತ್ತರಿಸದೆ ವಿಧಿಯಿಲ್ಲ. ಆಸ್ಟ್ರೇಲಿಯಾದ ಅನುಭವದಲ್ಲಿ ಸೋಂಕು ಹರಡುವ ದೊಡ್ಡ ದಿನ ಇದೇ. ಕತ್ತರಿ ಗಡ್ಡೆಯನ್ನು ಸೀಳುತ್ತದೆ, ಅದೇ ಕತ್ತರಿ ಮುಂದಿನ ಕುರಿಯ ಚರ್ಮ ಗೀರುತ್ತದೆ. ಕತ್ತರಿಸಿದ ಮೇಲೆ ಗಂಟೆಗಟ್ಟಲೆ ಒತ್ತೊತ್ತಾಗಿ ಕೂಡಿಹಾಕಿದರೆ, ಶ್ವಾಸಕೋಶದಲ್ಲಿ ಗಡ್ಡೆ ಇರುವ ಕುರಿಯ ಕೆಮ್ಮಿನಿಂದಲೂ ಪಕ್ಕದ ಕುರಿಯ ಹಸಿ ಗಾಯಕ್ಕೆ ಸೋಂಕು ಬೀಳುತ್ತದೆ. ಉಣ್ಣಿ, ಹೇನಿಗೆಂದು ಔಷಧಿ ನೀರಿನ ತೊಟ್ಟಿಯಲ್ಲಿ ಮುಳುಗಿಸುವವರು ಕತ್ತರಿಸಿದ ಬೆನ್ನಿಗೇ ಮುಳುಗಿಸಬಾರದು, ಆ ನೀರಿನಲ್ಲೂ ರೋಗಾಣು ಒಂದು ದಿನಕ್ಕಿಂತ ಹೆಚ್ಚು ಬದುಕಿರಬಲ್ಲದು. ಕತ್ತರಿಸುವ ತಂಡ ಬಂದ ದಿನ ಮೊದಲು ಮರಿಗಳನ್ನು, ಆಮೇಲೆ ಹರೆಯದವನ್ನು, ಕೊನೆಗೆ ಹಳೇ ಕುರಿಗಳನ್ನು ಕೂರಿಸಬೇಕು. ಗಡ್ಡೆ ಕಂಡದ್ದಿದ್ದರೆ ಅದರ ಸರದಿ ಎಲ್ಲಕ್ಕಿಂತ ಕಡೆಗೆ. ಪಕ್ಕದ ಹಟ್ಟಿಗೆ ಹೊರಡುವ ಮುಂಚೆ ಆ ಕತ್ತರಿ ಕುದಿಯುವ ನೀರಿಗೆ ಬೀಳಬೇಕು.